ಮೆಗಾದ ಮೆ, ಮಿಲಿಯ ಮಿ

ಬ್ಯಾಡಗಿಯಿಂದ ದುರಸ್ತಿಗೆ ಬಂದ ಲ್ಯಾಪ್‌ಟಾಪನ್ನು ನಾನು ಮೂಗಿನಿಂದಲೇ ಗುರುತಿಸಬಲ್ಲೆ. ಹಿಂಬದಿಯ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ಸಾಕು, ಮೆಣಸಿನಕಾಯಿಯ ಕೆಂಪು ಪುಡಿ ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ ಕುಂಕುಮ ಬಳಿದ ಹಾಗೆ ಕೂತಿರುತ್ತದೆ. ಬ್ರಷ್ ಆಡಿಸುವ ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮರೆತರೆ ಅಂಗಡಿಗೆ ಅಂಗಡಿಯೇ ಸೀನುತ್ತದೆ. ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ದುರಸ್ತಿ ಅಂಗಡಿ. ಮುಂಜಾನೆ ಅಲ್ಲಿ ಬೆಸುಗೆ ಕೆಲಸ, ಮಧ್ಯಾಹ್ನ ಅದೇ ಊರಿನ ಒಂದು ತರಬೇತಿ ಕೇಂದ್ರದಲ್ಲಿ ಪಾಠ. ಹೆಂಗಸೊಬ್ಬಳು ಮದರ್‌ಬೋರ್ಡ್ ಮುಂದಿಟ್ಟುಕೊಂಡು ಕೂತದ್ದನ್ನು ಕಂಡು ಬಾಗಿಲಲ್ಲೇ ನಿಂತು 'ಮಾಲಕರು ಇಲ್ಲೇನ್ರಿ' ಎಂದು ಕೇಳುತ್ತಿದ್ದ ಗಿರಾಕಿಗಳು ಈಗ ಕೇಳುವುದನ್ನು ಬಿಟ್ಟಿದ್ದಾರೆ. ಆದರೆ ನಾನು ಹೇಳಹೊರಟದ್ದು ಅಂಗಡಿಯ ಕಥೆಯಲ್ಲ, ಒಂದು ಪುಸ್ತಕದ ಕಥೆ. ಆ ಪುಸ್ತಕದಲ್ಲಿ ನಾನು ಬರೆದ ಒಂದು ಸಾಲೂ ಇಲ್ಲ. ಅದರಿಂದ ತೆಗೆದುಹಾಕಿಸಿದ್ದು ಮಾತ್ರ ಇದೆ.

ನಮ್ಮ ಕೇಂದ್ರಕ್ಕೆ ಕಲಿಯಲು ಬರುವವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳವರು, ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲೇ ಓದಿದವರು. ಕೈ ಬಹಳ ಚುರುಕು. ಹೊಲದ ಪಂಪಿನ ಮೋಟಾರು ಬಿಚ್ಚಿ ಕೂಡಿಸಿ ಪಳಗಿದ ಕೈಗಳು. ಇಂಗ್ಲಿಷ್ ಕೈಪಿಡಿ ಮುಂದಿಟ್ಟರೆ ಮಾತ್ರ ಮುಖ ಬಾಡುತ್ತಿತ್ತು. ಹಾಗಾಗಿ ಕೇಂದ್ರದ ಮಂಡಳಿಯವರು ಲ್ಯಾಪ್‌ಟಾಪ್ ದುರಸ್ತಿಗೆ ಕನ್ನಡದಲ್ಲೊಂದು ಕೈಪಿಡಿ ಬೇಕೆಂದು ನಿಶ್ಚಯಿಸಿ, ಬರೆಯುವ ಕೆಲಸವನ್ನು ಕರ್ಜಗಿಯಲ್ಲಿರುವ ಒಬ್ಬ ನಿವೃತ್ತ ಮಾಸ್ತರಿಗೆ ಒಪ್ಪಿಸಿದರು. ಅವರು ಬರೆದದ್ದನ್ನು ವಿದ್ಯಾರ್ಥಿಗಳ ಕೈಯಲ್ಲಿ ಪ್ರಯೋಗ ಮಾಡಿಸಿ, ಸರಿ ಇದೆ ಎಂದು ಅಚ್ಚಿಗೆ ಒಪ್ಪಿಗೆ ಕೊಡುವ ಕೆಲಸ ನನ್ನದಾಯಿತು.

ಮಾಸ್ತರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಎರಡನ್ನೂ ಅಷ್ಟೇ ಅಚ್ಚುಕಟ್ಟಾಗಿ ಆಡುತ್ತಿದ್ದರು. ಪುಸ್ತಕ ಬರೆಯುವ ಕಾಲಕ್ಕೆ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಬಂದು, ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು, ನಾನು ಮಾಡುವುದನ್ನೆಲ್ಲ ನೋಡುತ್ತಿದ್ದರು. ನೋಡುವುದೆಂದರೆ ಸುಮ್ಮನೆ ನೋಡುವವರಲ್ಲ. 'ಅದಕ್ಕ ಏನಂತಿ? ಇದಕ್ಕ? ಹುಡುಗ್ರು ಏನಂತಾರ?' ಎಂದು ಒಂದೊಂದಕ್ಕೂ ಹೆಸರು ಕೇಳುತ್ತಿದ್ದರು. ರೆಸಿಸ್ಟರನ್ನು ರೆಸಿಸ್ಟರ್ ಎಂದೇ ಬರೆದರು. ಜನರ ಬಾಯಲ್ಲಿ ಇದ್ದ ಮಾತನ್ನು ಕಿತ್ತು ಬೇರೆ ನೆಡುವ ಹುಚ್ಚು ಅವರಿಗಿರಲಿಲ್ಲ. ಹಟವಿದ್ದದ್ದು ಒಂದೇ ವಿಷಯದಲ್ಲಿ: ಪುಸ್ತಕದಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ ಇರಕೂಡದು. ಇದ್ದರೆ ಓದುವವನ ಕಣ್ಣು ಮೊದಲು ಅಲ್ಲಿಗೇ ಹೋಗಿ, 'ಇದು ನನ್ನ ಪುಸ್ತಕವಲ್ಲ' ಎಂದುಕೊಂಡು ಬಿಡುತ್ತದೆ ಎನ್ನುವುದು ಅವರ ಅನುಭವ. ಹಾಗೆ ಬಂದರೆ ಮಾತ್ರ ತಮ್ಮ ಹೆಸರು ಹಾಕಬೇಕು, ಇಲ್ಲವಾದರೆ ಬೇಡ ಎಂದು ಮೊದಲ ದಿನವೇ ಮಂಡಳಿಯ ಎದುರು ಹೇಳಿಬಿಟ್ಟಿದ್ದರು. ಮಂಡಳಿಯವರು ನಕ್ಕು ಹ್ಞೂಂ ಅಂದಿದ್ದರು. ಇಷ್ಟು ವರ್ಷ ಸಾವಿರಾರು ಮಕ್ಕಳಿಗೆ ಇತರರ ಪುಸ್ತಕ ಓದಿಸಿದ ಮನುಷ್ಯ. ತನ್ನದೆಂದು ಒಂದು ಪುಸ್ತಕ ಆಗಲಿ ಎಂಬ ಆಸೆ ಅವರ ಮಾತಿನಲ್ಲಿ ಎಂದೂ ಬರಲಿಲ್ಲ, ನಡೆಯಲ್ಲಿ ಎದ್ದು ಕಾಣುತ್ತಿತ್ತು.

ಅಕ್ಷರದ ವಿಷಯದಲ್ಲಿ ತೊಡಕು ಇರುವುದು ಅಳತೆಗಳಲ್ಲಿ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ದೊಡ್ಡದಾದರೆ ಒಂದರ್ಥ, ಸಣ್ಣದಾದರೆ ಇನ್ನೊಂದು. ಸಣ್ಣ ಬಿ ಎಂದರೆ ಬಿಟ್, ದೊಡ್ಡ ಬಿ ಎಂದರೆ ಬೈಟ್, ಅಂದರೆ ಎಂಟು ಬಿಟ್. ಸಣ್ಣ ಎಂ ಎಂದರೆ ಮಿಲಿ, ಸಾವಿರದಲ್ಲೊಂದು ಪಾಲು. ದೊಡ್ಡ ಎಂ ಎಂದರೆ ಮೆಗಾ, ಹತ್ತು ಲಕ್ಷ ಪಟ್ಟು. ಕನ್ನಡಕ್ಕೆ ತಂದರೆ ದೊಡ್ಡದು ಸಣ್ಣದು ಎರಡೂ ಮಾಯ. 'ಎಂಬಿ' ಎಂದು ಬರೆದರೆ ಅದು ಯಾವ ಎಂ, ಯಾವ ಬಿ? ಇದು ಬರಿಯ ಕಾಗದದ ಮೇಲಿನ ಗೊಂದಲವಲ್ಲ. ಲ್ಯಾಪ್‌ಟಾಪ್ ಜೀವ ಹಿಡಿಯುವ ಮೊದಲ ಪ್ರೋಗ್ರಾಮು ಇರುವ ಎಂಟು ಕಾಲಿನ ಚಿಪ್ಪಿನ ಮೈಮೇಲೆ ಅರವತ್ತನಾಲ್ಕು ಎಂದು ಅಚ್ಚಾಗಿರುತ್ತದೆ. ಅದು ಬಿಟ್ ಲೆಕ್ಕ. ಅದರೊಳಗೆ ತುಂಬಬೇಕಾದ ಫೈಲು ಬೈಟ್ ಲೆಕ್ಕದಲ್ಲಿ ಎಂಟು. ಎರಡೂ ಒಂದೇ. ಕಲಿಯುವವರು ಎರಡಕ್ಕೂ 'ಎಂಬಿ' ಅಂದುಕೊಂಡು, 'ಅರವತ್ನಾಕು ಎಂಬಿ ಫೈಲ್ ಎಲ್ಲಿ ಸಿಗತೈತ್ರಿ' ಎಂದು ದಿನವೆಲ್ಲ ಹುಡುಕುತ್ತ ಕೂತದ್ದನ್ನು ನಾನೇ ಕಂಡಿದ್ದೇನೆ.

ಇದನ್ನು ಮಾಸ್ತರಿಗೆ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಉರ್ದುವಿನಲ್ಲೂ ದೊಡ್ಡಕ್ಷರ ಇಲ್ಲವೆಂದೂ, ದೊಡ್ಡಕ್ಷರವಿಲ್ಲದೆ ಎರಡು ಭಾಷೆಯಲ್ಲಿ ಒಂದು ಆಯುಷ್ಯ ಕಳೆದಿರುವುದಾಗಿಯೂ ಹೇಳಿ ಬಸ್ಸು ಹಿಡಿದರು. ಮುಂದಿನ ಸಲ ಬಂದಾಗ ಕಣ್ಣಲ್ಲಿ ಮಿಂಚು.

"ಅವರಿಗೆ ದೊಡ್ಡದು ಸಣ್ಣದು ಅಂತ ಎರಡ ಅದಾವ, ತಂಗಿ. ನಮಗ ಕಾಗುಣಿತ ಅದ. ಒಂದು ಮಕಾರಕ್ಕ ನಮ್ಮಲ್ಲಿ ಎಷ್ಟು ರೂಪ, ಎಣಿಸು ನೋಡೂಣು."

ಅವರ ಏರ್ಪಾಡು ಇಷ್ಟು: ಬಿಟ್‌ಗೆ 'ಬಿ', ಬೈಟ್‌ಗೆ 'ಬೈ'. ಮಿಲಿಗೆ 'ಮಿ', ಮೆಗಾಕ್ಕೆ 'ಮೆ', ಮೈಕ್ರೋಕ್ಕೆ 'ಮೈ'. ಓಮ್‌ಗೆ 'ಓ'. ಇಂಗ್ಲಿಷಿನವರು ಒಂದೇ ಎಂ ಅನ್ನು ಹಿಗ್ಗಿಸಿ ಕುಗ್ಗಿಸಿ, ಅದೂ ಸಾಲದೆ ಮೈಕ್ರೋಕ್ಕೆ ಗ್ರೀಕರಿಂದ ಒಂದಕ್ಷರ ಕಡ ತಂದು ಮಾಡಿದ ಕೆಲಸವನ್ನು ಇವರು ಒಂದು ಮಕಾರ, ಮೂರು ಸ್ವರದಲ್ಲಿ ಮುಗಿಸಿದ್ದರು. ಪುಟ ನೋಡಿ ನನಗೆ ಸಂತೋಷವಾಯಿತು. ಇಷ್ಟು ಸುಲಭವಿತ್ತೇ, ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವೇ ಅನ್ನಿಸಿತು. ಈಗಲೂ ಕಾಗದದ ಮೇಲೆ ಅದು ಸರಿಯಾದ ಏರ್ಪಾಡೇ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮೊದಲ ಪ್ರಯೋಗ ರಾಣೆಬೆನ್ನೂರಿನಲ್ಲಿ, ನನ್ನ ತರಗತಿಯಲ್ಲೇ. ಮಾಸ್ತರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೈಟ್‌ಗೆ 'ಬೈ' ಎಂದು ಓದಿದ ಕೂಡಲೇ ತರಗತಿ ಗೊಳ್ಳೆಂದು ನಕ್ಕಿತು. ಬ್ಯಾಡಗಿಯಿಂದ ಬರುವ ಒಬ್ಬ ತರುಣ ಎದ್ದು ನಿಂತು, ಮುಖ ಗಂಭೀರ ಮಾಡಿಕೊಂಡು ಕೇಳಿದ: "ಅಕ್ಕಾರ, ಎಂಟು ಮೆ ಬೈ ಅಂತ ಬರದೈತಿ. ಯಾರಿಗೆ ಬೈಬೇಕ್ರಿ?"

ಮಾಸ್ತರು ಹಿಂದಿನಿಂದಲೇ, "ಚಿಪ್ಪು ಸುಟ್ಟಾವಗ ಬೈಯಪಾ, ಅಲ್ಲಿತನಕ ಬರ್ಕೊ" ಅಂದರು. ಮತ್ತೊಮ್ಮೆ ನಗು. ಆದರೆ ಆ ನಗೆಯಿಂದಲೇ ಅಕ್ಷರ ಮನಸ್ಸಿನಲ್ಲಿ ಕೂತಿತು. ಆ ವಾರ ಚಿಪ್ಪಿಗೆ ಫೈಲು ತುಂಬುವ ಪಾಠದಲ್ಲಿ ಯಾರೂ ತಪ್ಪಲಿಲ್ಲ. ಬಿ ಎಂಟು ಸೇರಿದರೆ ಒಂದು ಬೈ ಎಂದು ಲೆಕ್ಕ ಹಾಕಿಕೊಂಡು ಸರಿಯಾದ ಫೈಲು ಹಾಕಿದರು. ಸಂಜೆ ಬಸ್‌ಸ್ಟ್ಯಾಂಡಿನವರೆಗೆ ನಾನು ಮಾಸ್ತರ ಜೊತೆ ನಡೆದೆ. ಬಸ್ಸು ಹತ್ತಿ ಕಿಟಕಿಯಿಂದ, ಹಾವೇರಿಯ ಮುದ್ರಣಾಲಯಕ್ಕೆ ಪುಟಗಳನ್ನು ಕಳಿಸಬಹುದಲ್ಲವೇ ಎಂದು ಕೇಳಿದರು. ನಾನು ಕಳಿಸೋಣ, ಜೊತೆಗೇ ಇನ್ನೊಂದು ಪ್ರಯೋಗ ಬ್ಯಾಡಗಿಯಲ್ಲಿ ಮಾಡಿಬಿಡುತ್ತೇನೆ ಅಂದೆ.

ಹಾವೇರಿಯಲ್ಲಿ ಅಕ್ಷರ ಜೋಡಿಸುತ್ತಿದ್ದದ್ದು ಒಬ್ಬ ಹೆಣ್ಣುಮಗಳು. ಮಾಸ್ತರ ಏರ್ಪಾಡು ಅವಳಿಗೆ ಬಹಳ ಹಿಡಿಸಿತು. ಅವಳ ಹಿತವೂ ಅದರಲ್ಲಿತ್ತು. ಕನ್ನಡ ಸಾಲಿನ ನಡುವೆ ಇಂಗ್ಲಿಷ್ ಅಕ್ಷರ ಬಂದರೆ ಅಲ್ಲಲ್ಲಿ ಫಾಂಟ್ ಬದಲಿಸಬೇಕು, ಒಂದು ಕಡೆ ಮರೆತರೆ ಆ ಅಕ್ಷರ ಯಾವುದೋ ಕನ್ನಡ ಅಕ್ಷರದ ತುಂಡಾಗಿ ಕಾಣುತ್ತದೆ. ಈ ಪುಸ್ತಕದಲ್ಲಿ ಆ ಕಾಟವೇ ಇಲ್ಲ. ಅವಳ ತಕರಾರು ಒಂದೇ ಇತ್ತು: ಕೋಷ್ಟಕದ ಸಣ್ಣ ಅಕ್ಷರದಲ್ಲಿ ಮಿ ಮತ್ತು ಮೆ ಹತ್ತಿರ ಹತ್ತಿರ ಕಾಣುತ್ತವೆ. ಅದಕ್ಕೂ ಉಪಾಯ ಮಾಡಿ, ಆ ಎರಡನ್ನು ದಪ್ಪಗೆ, ಒಂದು ಅಳತೆ ದೊಡ್ಡದಾಗಿ ಕೂಡಿಸಿದಳು. ಕಣ್ಣಿಗೆ ತೊಂದರೆಯಾಗದ ಹಾಗೆ ಎಲ್ಲವನ್ನೂ ನೋಡಿಕೊಂಡೆವು. ಕಿವಿಯ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಬ್ಯಾಡಗಿಯ ಪ್ರಯೋಗಕ್ಕೆ ಪರಿಚಯದವರ ಒಂದು ಕಂಪ್ಯೂಟರ್ ಅಂಗಡಿ ಸಿಕ್ಕಿತು. ಮೆಣಸಿನಕಾಯಿ ಮಾರುಕಟ್ಟೆಯಿಂದ ಬಂದು, ಇನ್ನು ಉಪಯೋಗವಿಲ್ಲವೆಂದು ಅಲ್ಲಿ ಬಿದ್ದಿದ್ದ ಹಳೆಯ ಮದರ್‌ಬೋರ್ಡುಗಳಲ್ಲಿ ಒಂದನ್ನು ಅಭ್ಯಾಸಕ್ಕೆ ಕೊಟ್ಟರು. ಈ ಸಲ ನಾನು ಬಾಯಿ ಬಿಡುವಂತಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಪುಸ್ತಕ ನಾಳೆ ನಾನಿಲ್ಲದ ಊರುಗಳಿಗೆ ಹೋಗುವಂಥದ್ದು. ಯಾರ ನೆರವೂ ಇಲ್ಲದೆ ಪುಸ್ತಕವೇ ಕೆಲಸ ಮಾಡಿಸಬೇಕು.

ಬೋರ್ಡಿನ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಂದು ಕೈಯಲ್ಲಿ ಬಿಸಿಗಾಳಿಯ ಗನ್ನು, ಇನ್ನೊಂದರಲ್ಲಿ ಚಿಮಟ; ಪುಟ ತಿರುಗಿಸಲು ಮೂರನೆಯ ಕೈ ಬೇಕು. ಹಾಗಾಗಿ ನಮ್ಮಲ್ಲಿ ಒಬ್ಬರು ಪುಸ್ತಕ ಹಿಡಿದು ಓದುವುದು, ಇನ್ನೊಬ್ಬರು ಕೇಳುತ್ತ ಮಾಡುವುದು. ಅಂದು ಓದಿದವಳು ಕುಪ್ಪೇಲೂರಿನ ಒಬ್ಬ ತರುಣಿ. ಮಾಡಿದವನು 'ಯಾರಿಗೆ ಬೈಬೇಕ್ರಿ' ಎಂದು ಕೇಳಿದ್ದ ಬ್ಯಾಡಗಿಯವನೇ.

ಕೆಲಸ ಸರಳ. ಅಡಾಪ್ಟರಿನಿಂದ ಬರುವ ಹತ್ತೊಂಬತ್ತು ವೋಲ್ಟಿನ ಸಾಲಿನಿಂದ ಗ್ರೌಂಡಿಗೆ ಒಂದು ಮೆಗಾ ಓಮಿನ ಸಣ್ಣ ರೆಸಿಸ್ಟರ್ ಇರುತ್ತದೆ. ಅದು ಕೆಟ್ಟಿತ್ತು. ಕಿತ್ತು ಹೊಸದು ಕೂಡಿಸಬೇಕು. ಆ ಜಾಗದಲ್ಲಿ ಅಷ್ಟು ದೊಡ್ಡ ತಡೆ ಇರುವುದರಿಂದ ವಿದ್ಯುತ್ತು ಹನಿಹನಿಯಾಗಿ ಮಾತ್ರ ಸೋರುತ್ತದೆ. ಅದೇ ಜಾಗಕ್ಕೆ ಒಂದು ಮಿಲಿ ಓಮಿನದು ಹಾಕಿದರೆ ತಡೆ ಎಂಬುದೇ ಇಲ್ಲ, ತಂತಿಯಿಂದ ತಂತಿಗೆ ನೇರ ಗಂಟು ಹಾಕಿದ ಹಾಗೆ. ನಮ್ಮ ಪೆಟ್ಟಿಗೆಯಲ್ಲಿ ಎರಡೂ ಇದ್ದವು, ಎಳ್ಳಿನ ಗಾತ್ರದವು, ಅಕ್ಕಪಕ್ಕದ ಖಾನೆಗಳಲ್ಲಿ, ಮಾಸ್ತರ ಅಕ್ಷರದಲ್ಲೇ ಚೀಟಿ ಅಂಟಿಸಿಕೊಂಡು.

ಅವಳು ಓದಿದಳು. ಅವನು ಖಾನೆಯಿಂದ ಒಂದನ್ನು ಎತ್ತಿ ಕೂಡಿಸಿದ. ಬೆಸುಗೆ ಹಿಡಿದ ಮೇಲೆ ಕರೆಂಟು ಕೊಡುವ ಮೊದಲು ಮೀಟರಿನಿಂದ ಅಳೆದು ನೋಡಬೇಕೆಂದು ಮಾಸ್ತರು ಬರೆದಿದ್ದರು. ಅವಳು ಅದನ್ನೂ ಓದಿದಳು, ಎಷ್ಟು ಬರಬೇಕೆಂಬುದನ್ನೂ ಓದಿದಳು. ಅವನು ಅಳೆದ. ಮೀಟರು ಸೊನ್ನೆ ತೋರಿಸಿತು. ಒಂದು ಮಿಲಿ ಓಮ್ ಇದ್ದರೆ ನಮ್ಮ ಮೀಟರಿನಲ್ಲಿ ಕಾಣುವುದು ಸೊನ್ನೆಯೇ. ಅವನು ಕೇಳಿಸಿಕೊಂಡದ್ದಕ್ಕೂ ಮೀಟರಿನಲ್ಲಿ ಕಂಡದ್ದಕ್ಕೂ ತಾಳೆಯಾಯಿತು. ತಪ್ಪು ಹಿಡಿಯಲೆಂದು ಇಟ್ಟ ಹೆಜ್ಜೆಯೇ ತಪ್ಪಿಗೆ ಹ್ಞೂಂ ಅಂದುಬಿಟ್ಟಿತು. ನಾನು ಕೂತಿದ್ದ ಕಡೆಗೆ ಮೀಟರಿನ ಬೆನ್ನಿತ್ತು. ಅವನು ಅಡಾಪ್ಟರ್ ಚುಚ್ಚಿದ.

ಅಡಾಪ್ಟರ್ ಹಳೆಯದು. ಹೊಸವಾದರೆ ತಾವಾಗಿಯೇ ಆರಿಹೋಗುತ್ತವೆ. ಇದಕ್ಕೆ ಆ ಬುದ್ಧಿ ಇರಲಿಲ್ಲ. ಚಟ್ ಎಂದಿತು, ಬೋರ್ಡಿನ ತಾಮ್ರದ ಗೆರೆ ಒಂದು ಗೇಣು ಕೆಂಪಾಯಿತು, ಸಂದಿಯಲ್ಲಿ ಉಳಿದಿದ್ದ ಮೆಣಸಿನ ಪುಡಿಗೆ ಬೆಂಕಿ ತಗುಲಿತು. ಮುಂದಿನದು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. ಆ ಘಾಟಿಗೆ ಎಲ್ಲರೂ ಕಣ್ಣು ಮೂಗು ಒರೆಸಿಕೊಳ್ಳುತ್ತ ರಸ್ತೆಗೆ ಬಂದೆವು. ಎದುರು ಅಂಗಡಿಯವರು ಕಟ್ಟೆಯ ಮೇಲೆ ನಿಂತು, "ಏನ್ರಿ, ಕಂಪ್ಯೂಟರಿಗೆ ದೃಷ್ಟಿ ತೆಗ್ಯಾಕತ್ತೀರೇನು?" ಎಂದು ಕೇಳಿದರು.

ರಸ್ತೆಯ ಮೇಲೇ ಇಬ್ಬರದೂ ಜಗಳ ಶುರುವಾಯಿತು.

"ನೀ ಮಿ ಅಂದಿ," ಅಂದ ಅವನು.

"ನಾ ಎಲ್ಲಿ ಮಿ ಅಂದೆ? ಒಂದ್ ಮಿ ಅಂದೆ," ಅಂದಳು ಅವಳು.

ಹೇಳಿದವಳೇ ಬಾಯಿ ಮುಚ್ಚಿಕೊಂಡಳು. ಕೆಮ್ಮುತ್ತಿದ್ದ ನಾನು ಕೆಮ್ಮು ನಿಲ್ಲಿಸಿ, ಮತ್ತೊಮ್ಮೆ ಹೇಳಲು ಕೇಳಿದೆ. ಅಕ್ಷರವೊಂದನ್ನೇ ಹೇಳೆಂದರೆ ಮೆ ಸ್ಪಷ್ಟವಾಗಿ ಬರುತ್ತಿತ್ತು. ಸಂಖ್ಯೆಯ ಬೆನ್ನಿಗೆ ಹಚ್ಚಿ, ಓದಿಕೊಂಡು ಹೋಗುವ ವೇಗದಲ್ಲಿ ಹೇಳೆಂದರೆ ಅದು ಮಿ ಆಗುತ್ತಿತ್ತು. ಅವನಿಗೆ ಹೇಳಿಸಿದೆ. ಅವನದೂ ಹಾಗೇ. ಕೊನೆಗೆ ಅಡ್ಡಮುಖ ಮಾಡಿ ನಾನೇ ಹೇಳಿಕೊಂಡೆ: ಒಂದ್ಮೆ, ಎರಡ್ಮೆ, ಹತ್ಮೆ. ನನ್ನ ಬಾಯಿಂದಲೂ ಬಂದದ್ದು ಮಿ.

ಬರಲೇಬೇಕು. ನಾನು ಮಾತು ಕಲಿತದ್ದು ಶಾಲೆಯಲ್ಲಲ್ಲ, ಅಜ್ಜಿಯ ಒಲೆಯ ಮುಂದೆ. ಅವಳ ಬಾಯಲ್ಲಿ ಬೆಣ್ಣೆ ಬೆಣ್ಣಿ, ಎಣ್ಣೆ ಎಣ್ಣಿ, ದೋಸೆ ದೋಸಿ. ಮನೆ ಮನಿ, ಶಾಲೆ ಶಾಲಿ. ಮಾತಿನ ಕೊನೆಗೆ ಬಂದ ಎಕಾರ ನಮ್ಮ ಕಡೆಯ ನಾಲಿಗೆಯ ಮೇಲೆ ನಿಲ್ಲುವುದಿಲ್ಲ, ಜಾರಿ ಇಕಾರವಾಗುತ್ತದೆ. ಇದು ತಪ್ಪಲ್ಲ, ನಮ್ಮ ನಡೆ. ಹಾವೇರಿಯಿಂದ ಆಚೆ ಹುಬ್ಬಳ್ಳಿ ಧಾರವಾಡದವರೆಗೆ ಹಾಗೇ. ಮೈಸೂರಿನ ಕಡೆಯವರು ಓದಿದ್ದರೆ ಆ ಬೋರ್ಡು ಸುಡುತ್ತಿರಲಿಲ್ಲವೋ ಏನೋ. ಆದರೆ ಪುಸ್ತಕ ಬರೆದದ್ದು ನಮ್ಮವರಿಗಾಗಿ, ನಮ್ಮವರ ಬಾಯಿಗಾಗಿ.

ಮರುದಿನ ಕರ್ಜಗಿಗೆ ಹೋದೆ. ಮಾಸ್ತರು ಪಡಸಾಲೆಯಲ್ಲಿ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಘಾಟಿನ ಭಾಗಕ್ಕೆ ನಕ್ಕರು, ಮೀಟರಿನ ಭಾಗಕ್ಕೆ ನಗು ನಿಂತಿತು. ಒಂದು ಕಾಗದ ಪೆನ್ನು ತೆಗೆದುಕೊಂಡು ನನಗೆ ಬೆನ್ನು ಮಾಡಿ ಕೂತು, ಹೇಳುತ್ತಾ ಹೋಗು ಅಂದರು. ನಾನು ಮಿ, ಮೆ ಕಲಸಿ ಸಂಖ್ಯೆಗಳನ್ನು ಹೇಳುತ್ತಾ ಹೋದೆ, ಅವರು ಬರೆಯುತ್ತಾ ಹೋದರು. ತಿರುಗಿ ಕೂತು ತಾಳೆ ನೋಡಿದೆವು. ಮೆಗಾಗಳಲ್ಲಿ ಅರ್ಧಕ್ಕರ್ಧ ಮಿಲಿಯಾಗಿದ್ದವು. ಅವರು ಆ ಕಾಗದವನ್ನು ಮಡಿಸಲೂ ಇಲ್ಲ, ಹರಿಯಲೂ ಇಲ್ಲ, ಬದಿಗಿಟ್ಟರು.

ನಂತರ ಮಾಸ್ತರು ದಾರಿ ಹುಡುಕಿದರು. ಮೆಗಾಕ್ಕೆ 'ಮಹಾ' ಎಂದಿಟ್ಟರೆ? ಕಿವಿಗೆ ಚೆನ್ನಾಗಿತ್ತು. ಪೂರಾ ಪದವನ್ನೇ, ಮೆಗಾ ಎಂದೂ ಮಿಲಿ ಎಂದೂ ಬರೆದರೆ? ಅದಂತೂ ತಪ್ಪಾಗುವಂತೆಯೇ ಇರಲಿಲ್ಲ, ಕೋಷ್ಟಕದ ಮನೆಗಳನ್ನು ಅಗಲ ಮಾಡಿದರೆ ಮುಗಿಯುತ್ತಿತ್ತು. ಆದರೆ ಹಿಂದಿನ ರಾತ್ರಿಯಿಂದ ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಬ್ಯಾಡಗಿಯ ಆ ಎರಡು ಖಾನೆಗಳಿಗೆ ಚೀಟಿ ಅಂಟಿಸಿದ್ದವರು ನಾವು. ಅಂಗಡಿಯಿಂದ ಬರುವ ಪೊಟ್ಟಣದ ಮೇಲೆ, ಕಂಪನಿಯ ಸರ್ಕ್ಯೂಟ್ ನಕ್ಷೆಯ ಮೇಲೆ, ಮೀಟರಿನ ಪರದೆಯ ಮೇಲೆ ಇರುವುದು ಇಂಗ್ಲಿಷ್ ಅಕ್ಷರವೇ. ನಮ್ಮ ಪುಸ್ತಕ ಓದಿ ಕಲಿತವರು ನಾಳೆ ಆ ಪೊಟ್ಟಣ ಹಿಡಿದಾಗ ಸಣ್ಣ ಎಂ, ದೊಡ್ಡ ಎಂ ನಡುವಿನ ಅಂತರ ಅವರಿಗೆ ಯಾರು ಹೇಳುತ್ತಾರೆ? ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವುದೇ ಈ ಕೆಲಸದಲ್ಲಿ ಅರ್ಧ ಪಾಲು. ಅಳತೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಬೇಕು, ಉಳಿದದ್ದೆಲ್ಲ ಕನ್ನಡದಲ್ಲಿ ಇರಲಿ, ಎಂದೆ.

ಮಾಸ್ತರು ವಾದಿಸಲಿಲ್ಲ. ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಒಳಗಿನಿಂದ ಚಹಾ ಬಂತು, ಕುಡಿದೆವು.

"ಒಪ್ಪಿಗಿ ಕೊಡಾಕಿ ನೀನು," ಅಂದರು ಆಮೇಲೆ. "ನಿನಗ ಖರೇ ಅನಸೂದನ್ನ ಮಾಡು. ಬೋರ್ಡು ಸುಟ್ಟದ್ದು ಸಣ್ಣ ಮಾತಲ್ಲ. ಹುಡುಗರ ಕೈ ಸುಟ್ಟಿದ್ದರ?"

"ಸರ, ನಿಮ್ಮ ಹೆಸರು..."

"ಅದನ್ನ ಮದಲ ಹೇಳೀನಲ್ಲ ತಂಗಿ. ಮಾತು ಅಂದರ ಮಾತು."

ನಾನು ಮಂಡಳಿಯವರಿಗೆ ತಿಳಿಸಿದೆ. ಅವರು ಹೆಸರು ಹೇಗಾದರೂ ಹಾಕಿಬಿಡೋಣ, ಅಚ್ಚಾದ ಮೇಲೆ ಮಾಸ್ತರು ಏನು ಮಾಡಿಯಾರು ಎಂದರು. ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಹೊಸ ತಂಡ ಶುರುವಾಗುವ ಹೊತ್ತಿಗೆ ಪುಸ್ತಕ ಕೈಗೆ ಬರಬೇಕೆಂಬ ಅವಸರ ಬೇರೆ. ಹಾವೇರಿಗೆ ಹೋಗಿ ಅಕ್ಷರ ಜೋಡಿಸುವವಳ ಪಕ್ಕದಲ್ಲಿ ಕೂತೆ. ಒಟ್ಟಿಗೇ ಹುಡುಕಿ ಬದಲಿಸುವಂತಿರಲಿಲ್ಲ. ಮೆ ಮತ್ತು ಮಿ ಬೇರೆ ನೂರಾರು ಪದಗಳ ಒಳಗೂ ಇದ್ದವು. ಒಂದು ಸಲ ಅವಳು ಆತುರಪಟ್ಟು ಹಾಗೆ ಮಾಡಿದ್ದಕ್ಕೆ ಮೆದುವಾಗಿ ಎನ್ನುವ ಪದದ ತಲೆಯೇ ಹಾರಿ ಇಂಗ್ಲಿಷ್ ಅಕ್ಷರವೊಂದು ಕೂತಿತು. ಹಾಗಾಗಿ ಪುಟ ಪುಟವಾಗಿ, ಸಾಲು ಸಾಲಾಗಿ, ಒಂದೊಂದನ್ನೂ ಕೈಯಿಂದ ತೆಗೆದು, ಫಾಂಟ್ ಬದಲಿಸಿ, ಇಂಗ್ಲಿಷ್ ಅಕ್ಷರ ಕೂಡಿಸಿದಳು. ಓಮಿನ ಗುರುತು ಅವಳ ಫಾಂಟಿನಲ್ಲಿ ಇರಲಿಲ್ಲ, ಅದನ್ನು ಬೇರೆ ಕಡೆಯಿಂದ ತಂದಳು. ದಪ್ಪಗೆ ಮಾಡಿಟ್ಟಿದ್ದ ಮಿ, ಮೆಗಳ ಕೋಷ್ಟಕ ಬಂದಾಗ ಅವಳ ಕೈ ನಿಂತಿತು.

"ಇದನ್ನ ಎಷ್ಟ್ ಛಲೋ ಕೂಡಿಸಿದ್ನೆರಿ ಅಕ್ಕಾರ," ಅಂದಳು.

ನಾನು ಅಳಿಸು ಅಂದೆ. ಅದರ ಜೊತೆ ಕಾಗುಣಿತದಿಂದ ಅಳತೆಗಳನ್ನು ಕಟ್ಟುವ ಬಗ್ಗೆ ಮಾಸ್ತರು ಬರೆದಿದ್ದ ಮೊದಲ ಅಧ್ಯಾಯವನ್ನೂ ತೆಗೆಸಬೇಕಾಯಿತು. ಅಕ್ಷರವಿಲ್ಲದ ಮೇಲೆ ಅದರ ವಿವರಣೆ ಯಾರಿಗೆ? ಅವರು ಬರೆದುದರಲ್ಲಿ ಅತ್ಯಂತ ಚೆಂದದ ಪುಟಗಳು ಅವೇ ಆಗಿದ್ದವು. ಬೈಟ್‌ನ 'ಬೈ'ಯನ್ನಾದರೂ ಉಳಿಸಬಹುದಿತ್ತೇನೋ, ಅದರಲ್ಲಿ ದೋಷವಿರಲಿಲ್ಲ. ಆದರೆ ಒಂದನ್ನು ಕನ್ನಡದಲ್ಲಿ, ಇನ್ನೊಂದನ್ನು ಇಂಗ್ಲಿಷಿನಲ್ಲಿ ಇಟ್ಟರೆ ಓದುವವರಿಗೆ ಗೊಂದಲ ಎಂದುಕೊಂಡು ಅದನ್ನೂ ತೆಗೆಸಿದೆ. ಕೈ ಒಮ್ಮೆ ಕೀಳಲು ಶುರು ಮಾಡಿದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಪುಸ್ತಕ ಬಂತು. ಮುಖಪುಟದ ಒಳಗೆ 'ಬರೆದವರು' ಎಂಬ ಪದದ ಮುಂದೆ ಏನೂ ಇರಲಿಲ್ಲ. ಒಂದು ಪ್ರತಿಯನ್ನು ಕರ್ಜಗಿಗೆ ಕಳಿಸಿದೆ. ಮುಟ್ಟಿತು, ಅಚ್ಚು ಅಚ್ಚುಕಟ್ಟಾಗಿದೆ ಎಂದು ಫೋನು ಮಾಡಿ ಹೇಳಿದರು. ರಾಣೆಬೆನ್ನೂರಿನ ಕಡೆ ಬರುವುದು ಆಮೇಲೆ ನಿಂತಿತು. ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಈಗ ಗಿರಾಕಿಗಳು ಕೂರುತ್ತಾರೆ.

ಪುಸ್ತಕ ಕೆಲಸಕ್ಕೆ ಬಂತು, ಅದನ್ನು ಹೇಳದಿದ್ದರೆ ತಪ್ಪಾದೀತು. ಹೊಸ ತಂಡದವರು ಪೊಟ್ಟಣದ ಮೇಲಿನ ಅಕ್ಷರವನ್ನು ಪುಸ್ತಕದ ಅಕ್ಷರಕ್ಕೆ ಹಿಡಿದು ನೋಡುತ್ತಿದ್ದರು. ಆದರೆ ಓದುವವರು ಒಬ್ಬರು, ಮಾಡುವವರು ಒಬ್ಬರು ಎಂಬ ಪದ್ಧತಿ ಹಾಗೇ ಇತ್ತಲ್ಲ. ಇಂಗ್ಲಿಷ್ ಅಕ್ಷರವನ್ನೂ ಬಾಯಿಬಿಟ್ಟು ಓದಲೇಬೇಕು. ಒಂದು ಮಧ್ಯಾಹ್ನ ನಾನು ಕಪಾಟಿನ ಹಿಂದೆ ಏನೋ ಹುಡುಕುತ್ತಿದ್ದಾಗ ತರಗತಿಯಿಂದ ಮಾತು ಕೇಳಿಸಿತು.

"ಹತ್ತು ಎಮ್ಮಿ ಹಾಕು."

"ಎಮ್ಮಿನೋ, ಕರಾನೋ?"

"ಎಮ್ಮಿ ಅಂದ್ನೆಲ್ಲಲೇ. ಕರಾ ಹಾಕಿ ಗಿಕ್ಕೀ, ಹಾಲು ಬರೂದಿಲ್ಲ, ಹೊಗಿ ಬರತೈತಿ."

ಹೊರಗೆ ಬಂದು ಕೇಳಿದೆ. ನಾಚಿಕೊಂಡು ವಿವರಿಸಿದರು. ದೊಡ್ಡ ಎಂ ಎನ್ನುವುದು ಬಾಯಲ್ಲಿ ಎಮ್ಮು ಆಗಿ, ಎಮ್ಮು ಎಮ್ಮಿಯಾಗಿತ್ತು. ದೊಡ್ಡದು ಎಮ್ಮಿಯಾದ ಮೇಲೆ ಸಣ್ಣದು ಅದರ ಕರುವೇ ಆಗಬೇಕಲ್ಲ. ಎಮ್ಮಿ ಎಂದರೆ ಮೆಗಾ, ಕರಾ ಎಂದರೆ ಮಿಲಿ. ಯಾವ ನಾಲಿಗೆ ಎತ್ತ ಜಾರಿದರೂ ಎಮ್ಮಿ ಕರುವಾಗುವುದಿಲ್ಲ. ನಾನು ಅಲ್ಲೇ ಅವರನ್ನು ಬೆನ್ನು ತಿರುಗಿಸಿ ಕೂರಿಸಿ, ಒಬ್ಬರಿಂದ ಹೇಳಿಸಿ ಇನ್ನೊಬ್ಬರಿಂದ ಬರೆಸಿದೆ. ಒಂದೂ ತಪ್ಪಲಿಲ್ಲ. ನಾವು ಬ್ಯಾಡಗಿಯ ರಸ್ತೆಯ ಮೇಲೆ ಕೆಮ್ಮುತ್ತ ನಿಂತಾಗ ಮಾಸ್ತರ ಅಕ್ಷರವನ್ನು ಕೀಳುವ ಯೋಚನೆ ಮಾಡಿದೆನೇ ಹೊರತು, ಅದನ್ನು ಇನ್ನಷ್ಟು ದಿನ ಹುಡುಗರ ಬಾಯಲ್ಲಿ ಬಿಟ್ಟು ನೋಡೋಣ, ಅವರೇ ಏನು ಮಾಡಿಕೊಳ್ಳುತ್ತಾರೋ ಕಾಯೋಣ ಎಂಬುದು ಹೊಳೆಯಲಿಲ್ಲ. ಕಾದಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಕಾಯಲಿಲ್ಲ, ಅಷ್ಟೇ.

ಅದೇ ವಾರ ಕರ್ಜಗಿಗೆ ಹೋದೆ. ಎಮ್ಮಿ, ಕರಾ ಕೇಳಿ ಮಾಸ್ತರು ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮತ್ತೊಮ್ಮೆ ಹೇಳಿಸಿದರು, ಹುಡುಗರ ಧಾಟಿಯಲ್ಲೇ. ಒಳಗೆ ಮನೆಯವರನ್ನು ಕರೆದು ಉರ್ದುವಿನಲ್ಲಿ ಅದನ್ನು ತಾವೇ ಒಮ್ಮೆ ಹೇಳಿದರು. ಇದೇ ಹೊತ್ತೆಂದು ನಾನು, ಪ್ರತಿಗಳು ಮುಗಿಯುತ್ತ ಬಂದಿವೆ, ಮತ್ತೆ ಅಚ್ಚು ಹಾಕುತ್ತಾರೆ, ಈ ಸಲ ಈ ಮಾತುಗಳನ್ನೂ ಸೇರಿಸೋಣ, ತೆಗೆದ ಅಧ್ಯಾಯವನ್ನೂ ಮರಳಿ ಸೇರಿಸೋಣ, ನಿಮ್ಮ ಹೆಸರೂ ಬರಲಿ ಎಂದೆ. ದಾರಿಯುದ್ದಕ್ಕೂ ಆ ಮಾತನ್ನು ಹೊಂದಿಸಿಕೊಂಡು ಬಂದಿದ್ದೆ.

ಮಾಸ್ತರು ಕನ್ನಡಕ ಹಾಕಿಕೊಂಡರು.

"ಎಮ್ಮಿ ಕರಾ ಹಾಕು, ಛಲೋ ಅದ. ನಾ ಬರದಿದ್ರ ಅದನ್ನ ಬರೀತಿರಲಿಲ್ಲ, ತಂಗಿ. ಇದೇನು ದನದ ದೊಡ್ಡಿ ಏನು ಅಂತ ಹೊಡದ ಹಾಕ್ತಿದ್ದೆ." ಆಮೇಲೆ ಹೇಳಿದರು: "ಹೆಸರ ಬ್ಯಾಡ. ಹೆಸರ ಹಾಕಿದರ ಎಲ್ಲಾರೂ ನನ್ನ ಕೇಳ್ತಾರ, ಈ ಮಾತು ನಿಮ್ಮದೇನ್ರಿ ಅಂತ. ಅಲ್ಲಪಾ ಅಲ್ಲ, ನಂದು ಬ್ಯಾರೆ ಇತ್ತು ಅಂತ ಎಷ್ಟ ಮಂದಿಗೆ ಹೇಳ್ಲಿ?"

ಅಧ್ಯಾಯದ ಮಾತನ್ನು ಅವರು ಎತ್ತಲೇ ಇಲ್ಲ, ನಾನೂ ಮತ್ತೆ ಕೇಳಲಿಲ್ಲ. ಎರಡನೆಯ ಸಲ ಪುಸ್ತಕ ಅಚ್ಚಾಗುವಾಗ ಮುದ್ರಣಾಲಯದವರು, ಒಳಪುಟದಲ್ಲಿ ಜಾಗ ಖಾಲಿ ಕಾಣುತ್ತದೆ, ಅಲ್ಲಿ ಕೇಂದ್ರದ ಹೆಸರನ್ನೋ ನಿಮ್ಮ ಹೆಸರನ್ನೋ ಹಾಕಿಬಿಡೋಣವೇ ಎಂದು ಕೇಳಿದರು. ಬೇಡ, ಹಾಗೇ ಖಾಲಿ ಇರಲಿ ಎಂದೆ.